ಹೇಳಿಕೆಯಲ್ಲಿ ಇಲ್ಲದ್ದು

ಫೆಬ್ರವರಿ 3, ಮಂಗಳವಾರ

ಬರೆಯಬೇಕಂತೆ. ದಿನಕ್ಕೊಂದು ಪುಟ. ಐದನೇ ತರಗತಿಯಲ್ಲಿ ಮೇಷ್ಟ್ರು ಬೆತ್ತ ಹಿಡಿದು ನಿಂತಾಗಲೇ ಬರೆಯದವನು ನಾನು, ಈಗ ತಲೆ ಪೂರ್ತಿ ನೆರೆತ ಮೇಲೆ ಕೈವ್ಯಾಯಾಮದ ಡಾಕ್ಟರಮ್ಮ ಹೇಳಿದಳೆಂದು ಬರೆಯಬೇಕು. ಬಲ್ಬು ಬದಲಿಸಲು ಸ್ಟೂಲು ಹತ್ತಿ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದರು, ತೆಗೆದರು. ತೆಗೆದ ಮೇಲೆ ನೋಡಿದರೆ ಬೆರಳುಗಳು ಮರದ ಸೌಟಿನ ಹಾಗೆ ಸೆಟೆದು ನಿಂತಿವೆ. "ಏನಾದರೂ ಬರೀರಿ ಅಜ್ಜ, ಬರೀದೇ ಇದ್ರೆ ಹೀಗೇ ಉಳಿಯುತ್ತೆ" ಎಂದಳು. ಅಜ್ಜನಂತೆ. ಅವಳ ಅಜ್ಜ ನಾನಲ್ಲ.

ಈ ಡೈರಿ ತಂದವಳು ಸೊಸೆ. ಹಿಡಿಯಲು ಸುಲಭವಾಗಲಿ ಎಂದು ದಪ್ಪ ಪೆನ್ನೊಂದನ್ನೂ ತಂದಳು. "ಇದನ್ನ ಯಾರೂ ಓದಲ್ಲ ಮಾವ, ನಿಮ್ಮ ಪಾಡಿಗೆ ನೀವು ಬರ್ಕೊಳ್ಳಿ" ಎಂದಳು. ಯಾರು ಓದುತ್ತಾರೆ ಎಂದು ನಾನು ಕೇಳಿರಲೇ ಇಲ್ಲ. ಕಾರ್ಖಾನೆಯ ಗೇಟಿನಲ್ಲಿ ಜೀವಮಾನ ಸವೆಸಿದವನು ನಾನು. ಪಾಳಿ ಬಿಟ್ಟಾಗ ಒಬ್ಬೊಬ್ಬನ ಚೀಲ, ಊಟದ ಡಬ್ಬಿ, ಸೊಂಟ ತಡವಿ ನೋಡಿ ಹೊರಗೆ ಬಿಡುವುದೇ ನನ್ನ ಕೆಲಸವಾಗಿತ್ತು. ಕೇಳುವ ಮೊದಲೇ "ನನ್ನ ಹತ್ತಿರ ಏನೂ ಇಲ್ಲ" ಎನ್ನುವವನ ಕಾಲುಚೀಲದಲ್ಲಿ ತಾಮ್ರದ ತಂತಿ ಇರುತ್ತದೆ. ಯಾವಾಗಲೂ.

ಸಾಕು. ಕೈ ನೋಯುತ್ತಿದೆ.

ಫೆಬ್ರವರಿ 5, ಗುರುವಾರ

ಸೊಸೆ ಲಾ ಓದುತ್ತಾಳಂತೆ. ಕಾಲೇಜಿಗೆ ಸೇರಲು ಪ್ರವೇಶ ಪರೀಕ್ಷೆಯೊಂದಿದೆಯಂತೆ, ಅದಕ್ಕೆ ದಿಂಬಿನಷ್ಟು ದಪ್ಪದ ಪುಸ್ತಕ ತಂದಿದ್ದಾಳೆ. ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಅವಳಿಗೆ ಕೆಲಸ. ವಕೀಲರು ನಿಂತು ಹೇಳುತ್ತಾರೆ, ಇವಳು ಕುಳಿತು ಬಡಿಯುತ್ತಾಳೆ. ಮದುವೆಯಾಗಿ ಹದಿನಾಲ್ಕು ವರ್ಷವಾದ ಹೆಂಗಸಿಗೆ ಈಗೇಕೆ ಲಾ ಎಂದು ಕೇಳಿದೆ.

"ಅವರು ಹೇಳಿದ್ದನ್ನ ಟೈಪ್ ಮಾಡಿ ಮಾಡಿ ಸಾಕಾಯ್ತು ಮಾವ. ಒಂದು ಸಲ ನಾನು ನಿಂತು ಹೇಳ್ಬೇಕು, ಬೇರೆಯವರು ಬಡೀಬೇಕು."

ಇದೂ ಒಂದು ಕಾರಣವೇ. ಮಗನನ್ನು ಕೇಳಿದರೆ, "ಓದ್ಲಿ ಬಿಡಪ್ಪ" ಎಂದ. ಅವನು ಲಿಫ್ಟ್ ರಿಪೇರಿಯವನು. ಮೇಲೆ ಹೋಗುವುದು ಕೆಳಗೆ ಬರುವುದು ಬಿಟ್ಟರೆ ಅವನಿಗೆ ಪ್ರಪಂಚದಲ್ಲಿ ಬೇರೆ ಸಂಗತಿಯಿಲ್ಲ.

ಈ ಮನೆ ಇರುವುದು ನನ್ನ ಹೆಸರಿನಲ್ಲಿ. ಇದನ್ನು ಇಲ್ಲಿ ಬರೆದಿಟ್ಟಿರುತ್ತೇನೆ.

ಫೆಬ್ರವರಿ 9, ಸೋಮವಾರ

ನನಗೊಂದು ಕೆಲಸ ಅಂಟಿಸಿದ್ದಾಳೆ. ಸಂಜೆ ಅವಳು ಅಡುಗೆ ಮಾಡುವಾಗ ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಆ ಪುಸ್ತಕದ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಬೇಕು. "ಕೈಗೆ ಬಿಡುವಿಲ್ಲ ಮಾವ, ಕಿವಿಗೆ ಇದೆ" ಎನ್ನುತ್ತಾಳೆ. ನಾಲಿಗೆಯನ್ನೂ ವ್ಯಾಯಾಮಕ್ಕೆ ಹಚ್ಚಿದಳು.

ಇವತ್ತಿನದು ಹೀಗಿತ್ತು. ಒಂದು ಅಂಗಡಿಗೆ ಹೊಸ ಕಾವಲುಗಾರ ಬಂದ ತಿಂಗಳಿನಿಂದ ಕಳ್ಳತನ ನಿಂತಿದೆ. ಆದ್ದರಿಂದ ಕಳ್ಳತನ ನಿಲ್ಲಿಸಿದವನು ಕಾವಲುಗಾರನೇ. ಈ ವಾದದ ದೋಷ ಯಾವುದು?

"ದೋಷ ಏನು ಮಣ್ಣು" ಎಂದೆ. "ಕಾವಲುಗಾರ ಒಳ್ಳೆಯವನು. ಮುಗೀತು."

"ಅದೇ ತಿಂಗಳು ಅಂಗಡಿಯ ಕೈಚಳಕದ ಆಳೊಬ್ಬ ಕೆಲಸ ಬಿಟ್ಟು ಹೋಗಿದ್ರೆ?"

"ಹಾಗಂತ ಇಲ್ಲಿ ಬರೆದಿಲ್ಲ."

"ಕಾವಲುಗಾರ ಒಳ್ಳೆಯವನು ಅಂತ ಬರೆದಿದೆಯಾ?"

ಬರೆದಿರಲಿಲ್ಲ. ಬರೆಯಬೇಕೇ? ಕಾವಲುಗಾರನ ಪಾಡು ಕಾವಲುಗಾರನಿಗೆ ಗೊತ್ತು.

"ಅದೇ ನೋಡಿ" ಎಂದಳು ಈರುಳ್ಳಿ ಹೆಚ್ಚುತ್ತಾ. "ಹೇಳಿಕೆಯಲ್ಲಿ ಇಲ್ಲದ್ದನ್ನ ನೀವು ಹೊರಗಿನಿಂದ ತಂದ್ರಿ. ಈ ಪರೀಕ್ಷೆಯಲ್ಲಿ ಹೊರಗಿನ ಸಾಮಾನು ಒಳಗೆ ಬಿಡಂಗಿಲ್ಲ."

ಗೇಟಿನವನಿಗೇ ಗೇಟು ಹಾಕುತ್ತಾಳೆ.

ಪುಸ್ತಕದಲ್ಲಿ ಸಾವಿರ ಪ್ರಶ್ನೆಗಳಿದ್ದರೂ ಏಳೆಂಟೇ ಥರವಂತೆ. ಅಂಗಿ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತವಂತೆ. ಒಂದೊಂದು ಥರಕ್ಕೂ ಅವಳೇ ಹೆಸರಿಟ್ಟಿದ್ದಾಳೆ. ಮಾತಿನ ಅಡಿಯಲ್ಲಿ ಬಾಯಿ ಬಿಟ್ಟು ಹೇಳದ ಸಂಗತಿಯೊಂದು ಅಡಗಿರುತ್ತದಲ್ಲ, ಅದನ್ನು ಹುಡುಕಿ ತೆಗೆಯುವ ಪ್ರಶ್ನೆ 'ತಳಪಾಯ'. ವಾದವನ್ನು ಸಡಿಲ ಮಾಡುವ ಉತ್ತರ ಯಾವುದು ಎಂದು ಕೇಳಿದರೆ ಅದು 'ಮೊಳೆ ಕೀಳೋದು'. ಇನ್ನೂ ಏನೇನೋ. ಉತ್ತರದಲ್ಲಿ 'ಎಲ್ಲರೂ', 'ಯಾವಾಗಲೂ', 'ಎಂದಿಗೂ' ಎಂದಿದ್ದರೆ ಮೊದಲು ಅನುಮಾನಪಡಬೇಕಂತೆ.

ಅನುಮಾನಪಡುವುದನ್ನು ಇವಳು ನನಗೆ ಕಲಿಸುತ್ತಾಳೆ.

ಫೆಬ್ರವರಿ 14, ಶನಿವಾರ

ಕ್ಷೌರಕ್ಕೆ ಹೋಗಿದ್ದೆ. ಕ್ಷೌರದವನು ನನ್ನ ಹಳೆಯ ದೋಸ್ತ್. ನನ್ನ ತಲೆಯಲ್ಲಿ ಕೂದಲಿಗಿಂತ ಅವನ ಮಾತೇ ಹೆಚ್ಚು ಉದುರಿದೆ.

"ಏನಯ್ಯಾ ಗೇಟು, ನಿನ್ನ ಸೊಸೆ ಲಾ ಓದ್ತಾಳಂತೆ?"

ಊರಿಗೆಲ್ಲ ಗೊತ್ತಾಗಿದೆ.

"ಹಿಂದಿನ ಬೀದಿಯ ಬಡಗಿಯ ಕಥೆ ಗೊತ್ತಲ್ಲ? ಸೊಸೆ ವಕೀಲಳಾದಳು. ವರ್ಷ ತುಂಬೋದ್ರಲ್ಲಿ ಮುದುಕ ಮಹಡಿ ಮೆಟ್ಟಿಲ ಕೆಳಗೆ ಮಲಗೋ ಹಾಗಾಯ್ತು. ಸೊಸೆಯಂದಿರು ಲಾ ಓದೋದೇ ಅದಕ್ಕೆ."

ಕತ್ತಿ ಕುತ್ತಿಗೆಯ ಮೇಲಿತ್ತು, ಅದಕ್ಕೆ ಸುಮ್ಮನಿದ್ದೆ. ಆದರೆ ಮನಸ್ಸಿಗೆ ನಾಟಿತು. ನಮ್ಮ ಮೆಟ್ಟಿಲ ಕೆಳಗೂ ಜಾಗವಿದೆ. ಹೋದ ತಿಂಗಳು ಸೊಸೆ ಅಲ್ಲಿದ್ದ ಡಬ್ಬಗಳನ್ನೆಲ್ಲ ತೆಗೆದು ಗುಡಿಸಿದ್ದಳು. ಯಾಕೆ?

ಫೆಬ್ರವರಿ 18, ಬುಧವಾರ

ಸಿಕ್ಕಿತು.

ಇವತ್ತು ಪುಸ್ತಕದ ಹಿಂಭಾಗ ತೆರೆದೆವು, ಕಾನೂನಿನ ಪ್ರಶ್ನೆಗಳು. ಓದುತ್ತಾ ಹೋದೆ. 'ಕ' ಎಂಬ ಮುದುಕನ ಮನೆಯಲ್ಲಿ ಅವನ ಸೊಸೆ 'ಖ' ವಾಸವಾಗಿದ್ದಾಳೆ. 'ಕ' ಅವಳನ್ನು ಮನೆ ಬಿಡಿಸಲು ನೋಡುತ್ತಾನೆ. ಮೇಲೆ ಕೊಟ್ಟ ತತ್ವದ ಪ್ರಕಾರ ಗೆಲ್ಲುವವರು ಯಾರು?

ಪಕ್ಕದಲ್ಲಿ ಕೆಂಪು ಪೆನ್ನಿನಿಂದ ದೊಡ್ಡ ನಕ್ಷತ್ರ ಬರೆದಿತ್ತು. ಅವಳದೇ ಕೈ.

"ಯಾಕೆ ನಿಲ್ಲಿಸಿದ್ರಿ ಮಾವ?"

"ಕಣ್ಣು ಉರೀತಿದೆ" ಎಂದು ಪುಸ್ತಕ ಮುಚ್ಚಿದೆ.

ಹೆಸರು ಹಾಕುವ ಧೈರ್ಯವಿಲ್ಲ, 'ಕ' ಅಂತೆ, 'ಖ' ಅಂತೆ. ಅಷ್ಟು ದಪ್ಪದ ಪುಸ್ತಕದಲ್ಲಿ ನಕ್ಷತ್ರ ಬಿದ್ದಿರುವುದು ಅದೊಂದರ ಮೇಲೆ. ಮನೆಯ ಪತ್ರಗಳು ಬೀರುವಿನ ಒಳಖಾನೆಯಲ್ಲಿವೆ. ಬೀರುವಿನ ಬೀಗದಕೈ ಇಷ್ಟು ವರ್ಷ ಗೋಡೆಯ ಮೊಳೆಯಲ್ಲಿ ಎಲ್ಲರ ಕೈಗೂ ಸಿಗುವ ಹಾಗೆ ತೂಗುತ್ತಿತ್ತು. ಎಂಥ ದಡ್ಡ ನಾನು. ಇವತ್ತಿನಿಂದ ಅದು ಅಲ್ಲಿಲ್ಲ. ಎಲ್ಲಿದೆ ಎಂದು ಇಲ್ಲಿಯೂ ಬರೆಯುವುದಿಲ್ಲ.

ಫೆಬ್ರವರಿ 23, ಸೋಮವಾರ

ನಾನು ಎಣಿಸಿದ ಹಾಗೆಯೇ ಆಯಿತು. ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ಬೀರುವಿನ ಮುಂದೆ ನಿಂತಿದ್ದಳು. ಹಿಡಿಕೆ ತಿರುಗಿಸಿದಳು, ಮೊಳೆ ನೋಡಿದಳು, ಬಗ್ಗಿ ನೆಲ ನೋಡಿದಳು. ನಾನು ಹಾಸಿಗೆಯಲ್ಲಿ ಅರ್ಧ ಕಣ್ಣು ಮುಚ್ಚಿ ಎಲ್ಲ ಗಮನಿಸಿದೆ.

"ಮಾವ, ಬೀರು ಬೀಗದಕೈ..."

"ನನ್ನ ಹತ್ತಿರ ಇಲ್ಲ" ಎಂದೆ.

ಅವಳ ಮಾರ್ಕ್ಸ್‌ಕಾರ್ಡುಗಳು ಅದರಲ್ಲಿವೆಯಂತೆ. ಪರೀಕ್ಷೆಯ ಅರ್ಜಿಗೆ ಲಗತ್ತಿಸಬೇಕಂತೆ. ಶನಿವಾರವೇ ಕೊನೆಯ ದಿನವಂತೆ, ಆಮೇಲೆ ಮುಂದಿನ ವರ್ಷವೇ ಅಂತೆ. ಎಲ್ಲ ಅಂತೆ. ಗೇಟಿನಲ್ಲೂ ಹೀಗೇ, "ಕೊಡೆ ಒಳಗೇ ಮರೆತೆ, ತಗೊಂಡು ಬರ್ತೀನಿ" ಎಂದು ವಾಪಸ್ ಹೋಗುತ್ತಿದ್ದವರನ್ನು ನಾನು ಕಂಡಿಲ್ಲವೇ. ಕೊಡೆಯ ಮಡಿಕೆಯೊಳಗೆ ಏನಿರುತ್ತಿತ್ತು ಎಂದೂ ಗೊತ್ತು.

ನಡೆಯುವಾಗ ಹಿಮ್ಮಡಿಗೆ ಒತ್ತುತ್ತದೆ. ಒತ್ತಲಿ.

ಫೆಬ್ರವರಿ 25, ಬುಧವಾರ

ಮಗ ಬಾಯಿ ಬಿಟ್ಟ. "ಅಪ್ಪ, ಬೀಗದವನನ್ನ ಕರೆಸಿ ತೆಗೆಸ್ಲಾ?"

"ನಾನು ಸತ್ತ ಮೇಲೆ ತೆಗೆಸು" ಎಂದೆ.

ಸೊಸೆ ಇವತ್ತು ಪ್ರಶ್ನೆ ಓದಲು ಕರೆಯಲಿಲ್ಲ. ಮನೆ ಮೂಕವಾಗಿದೆ. ಚೆನ್ನಾಗಿದೆ.

ಚೆನ್ನಾಗಿಲ್ಲ. ಹೊತ್ತು ಹೋಗುವುದಿಲ್ಲ.

ಫೆಬ್ರವರಿ 26, ಗುರುವಾರ

ಪುಸ್ತಕ ಮೇಜಿನ ಮೇಲೆ ಬಿದ್ದಿತ್ತು. ನಾನೇ ತೆಗೆದುಕೊಂಡು ಕುರ್ಚಿ ಎಳೆದೆ. "ಅರ್ಜಿ ಹಾಕೋದೇ ಆಗ್ತಿಲ್ಲ, ಓದಿ ಏನು ಮಾಡೋದು ಮಾವ" ಎಂದಳು, ಬೇಡ ಎನ್ನಲಿಲ್ಲ. ಓದಿದೆ.

ಮೊದಲನೆಯದು ಮೊಳೆ ಕೀಳುವ ಪ್ರಶ್ನೆ. ಪುಸ್ತಕದಂಗಡಿಯವನೊಬ್ಬ ಇದ್ದಾನೆ. ಒಬ್ಬ ಗಿರಾಕಿ ದಿನಾ ಬಂದು ಮೂಲೆಯ ಕಪಾಟಿನ ಮುಂದೆ ನಿಂತು ಆಚೀಚೆ ನೋಡುತ್ತಾನೆ, ಆದ್ದರಿಂದ ಅವನು ಕದಿಯಲು ಹೊಂಚುತ್ತಿದ್ದಾನೆ ಎಂದು ಅಂಗಡಿಯವನ ತೀರ್ಮಾನ. ಇದನ್ನು ಸಡಿಲ ಮಾಡುವ ಉತ್ತರ ಯಾವುದು? ಒಂದರಲ್ಲಿ ಗಿರಾಕಿ ಶ್ರೀಮಂತ ಎಂದಿತ್ತು. ಒಂದರಲ್ಲಿ ಅಂಗಡಿಯಲ್ಲಿ ಎಂದಿಗೂ ಕಳ್ಳತನ ಆಗಿಲ್ಲ ಎಂದಿತ್ತು. ಇನ್ನೊಂದರಲ್ಲಿ ಹಿಂದಿನ ವಾರ ಅವನು ಕನ್ನಡಕವನ್ನು ಆ ಮೂಲೆಯಲ್ಲಿ ಕಳೆದುಕೊಂಡಿದ್ದ ಎಂದಿತ್ತು.

"ಕನ್ನಡಕ" ಎಂದಳು, ನಾನು ಮುಗಿಸುವ ಮೊದಲೇ. "ಕಂಡದ್ದು ಅದೇ, ಕಾರಣ ಬೇರೆ. ಈ ಥರ ಬಂದಾಗ ಅದನ್ನೇ ಹುಡುಕ್ಬೇಕು ಮಾವ, ಅದೇ ನಡತೆಗೆ ಇನ್ನೊಂದು ಕಾರಣ ಇದೆಯಾ ಅಂತ."

ಅಂಗಡಿಯವನು ದಡ್ಡನೇನಲ್ಲ, ಅವನು ಅಷ್ಟು ನೋಡಿದ್ದು ನಿಜವೇ ಎಂದೆ.

ಮುಂದಿನ ಪುಟದಲ್ಲಿ ಹಡಗಿನ ಪ್ರಶ್ನೆ. ಬಿರುಗಾಳಿಗೆ ಹೆದರಿ ಸರಕನ್ನು ಸಮುದ್ರಕ್ಕೆ ಎಸೆದರೆ ನಷ್ಟ ಯಾರದು ಎಂದು. ಅದರ ಪಕ್ಕದಲ್ಲೂ ಕೆಂಪು ನಕ್ಷತ್ರ. ಪುಟ ಮಗುಚಿದೆ. ಹಸು ಬೇಲಿ ಹಾರಿದ ಪ್ರಶ್ನೆಗೂ ನಕ್ಷತ್ರ. ನಮಗೆ ಹಡಗೂ ಇಲ್ಲ, ಹಸುವೂ ಇಲ್ಲ.

"ಈ ನಕ್ಷತ್ರ ಏನು?"

"ನಾನು ತಪ್ಪು ಮಾಡಿದ್ದು ಮಾವ. ಮತ್ತೆ ನೋಡ್ಬೇಕಾದ್ದು."

ಆಮೇಲೆ ಊಟ ಮಾಡಿದೆ. ರುಚಿ ಗೊತ್ತಾಗಲಿಲ್ಲ, ಉಪ್ಪು ಕಡಿಮೆ ಹಾಕಿರಬೇಕು.

ಫೆಬ್ರವರಿ 27, ಶುಕ್ರವಾರ

ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಕಾಲುಚೀಲ ಕಳಚಿ ಬೀಗದಕೈ ತೆಗೆದು ಬೀರು ತೆರೆದೆ. ನೋಡಿಬಿಡೋಣ ಎಂದಷ್ಟೇ. ಒಳಖಾನೆಯಲ್ಲಿ ಮೇಲೆಯೇ ಒಂದು ನೀಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಅವಳ ಮಾರ್ಕ್ಸ್‌ಕಾರ್ಡುಗಳು. ಅಂಕಗಳು ಚೆನ್ನಾಗಿವೆ. ತಳದಲ್ಲಿ ಮನೆಯ ಪತ್ರಗಳು, ನಾನು ಸುತ್ತಿದ ದಾರ, ನಾನು ಹಾಕಿದ ಗಂಟು. ಗೇಟಿನಲ್ಲಿ ಮೂಟೆಗಳಿಗೆ ಮುದ್ರೆ ಒತ್ತುವ ಮೊದಲು ಹಾಕುತ್ತಿದ್ದ ಗಂಟು ಅದು, ಬಿಚ್ಚಿ ಮತ್ತೆ ಕಟ್ಟಿದರೆ ನನಗೆ ಗೊತ್ತಾಗುತ್ತದೆ. ಬಿಚ್ಚಿಲ್ಲ. ಮೇಲೆ ಧೂಳು ಹಾಗೇ ಕೂತಿದೆ. ಬೀಗದಕೈ ಮೊಳೆಯಲ್ಲಿ ತೂಗುತ್ತಿದ್ದ ಇಷ್ಟು ವರ್ಷವೂ ಯಾರೂ ಮುಟ್ಟಿಲ್ಲ.

ಮಧ್ಯಾಹ್ನ ಟೈಪಿಂಗ್ ಅಂಗಡಿಗೆ ನಡೆದುಕೊಂಡೇ ಹೋದೆ. ನೀಲಿ ಕವರನ್ನು ಅವಳ ಮೇಜಿನ ಮೇಲಿಟ್ಟೆ.

"ಬೀಗದಕೈ ಸಿಕ್ತು."

"ಎಲ್ಲಿತ್ತು ಮಾವ?"

"ಅಂಗಿ ಜೇಬಲ್ಲಿ."

"ಯಾವ ಅಂಗಿ?"

"ಈ ಅಂಗಿ."

"ಮೊನ್ನೆ ಒಗೆಯೋವಾಗ ಆ ಜೇಬು ನಾನೇ ತೆಗೆದು ನೋಡಿದ್ದೆ" ಎಂದಳು. ಅಷ್ಟೇ ಅಂದದ್ದು. ನಿಂತಿದ್ದ ವಕೀಲನೊಬ್ಬನಿಗೆ "ಒಂದ್ನಿಮಿಷ ಸಾರ್" ಎಂದು ಎದ್ದು ಅರ್ಜಿ ಕಳಿಸಲು ಹೋದಳು. ಕೂಗಾಡಬೇಕಿತ್ತು. ಕೂಗಾಡದವರ ಮನಸ್ಸಿನಲ್ಲಿ ಏನೋ ಇರುತ್ತದೆ. ಹೆಚ್ಚಾಗಿ.

ಬೀಗದಕೈಯನ್ನು ಮತ್ತೆ ಮೊಳೆಗೆ ಹಾಕಿದೆ. ಕಾಲುಚೀಲದಲ್ಲಿದ್ದರೆ ಗಾಯವಾಗುತ್ತದೆ.

ಮಾರ್ಚ್ 11, ಬುಧವಾರ

ಡಾಕ್ಟರಮ್ಮ ಬೆರಳು ಮಡಚಿ ನೋಡಿ, "ನೋಡಿದ್ರಾ, ಬರೆದಿದ್ದರಿಂದಲೇ ವಾಸಿ ಆಗ್ತಿದೆ" ಎಂದಳು.

"ಬರೆದ ಮೇಲೆ ವಾಸಿಯಾಯ್ತು ಅನ್ನಿ. ಬರೆದಿದ್ದರಿಂದಲೇ ಅಂತ ಹೇಗೆ ಹೇಳ್ತೀರಿ? ದಿನ ಕಳೆದದ್ದರಿಂದ ಇರಬಹುದು. ದಿನಾ ಅಷ್ಟು ದಪ್ಪದ ಪುಸ್ತಕ ಎತ್ತಿ ಹಿಡೀತೀನಿ, ಅದರಿಂದ ಇರಬಹುದು."

"ಏನು ಕೆಲಸದಲ್ಲಿದ್ರಿ ಅಜ್ಜ ನೀವು?" ಎಂದು ಕೇಳಿದಳು.

"ಗೇಟಲ್ಲಿ."

ನಗುತ್ತಾಳೆ. ಬೇಕಾದರೆ ಬರೆಯುವುದು ನಿಲ್ಲಿಸಿ ನೋಡಿ ಎಂದಳು. ನಿಲ್ಲಿಸಲಿಲ್ಲ. ಅವಳ ಮಾತಿಗಲ್ಲ. ಡೈರಿಯಲ್ಲಿ ಹಾಳೆ ಉಳಿದಿವೆ, ಸುಮ್ಮನೆ ಹಾಳಾಗುತ್ತವೆ.

ಮಾರ್ಚ್ 30, ಸೋಮವಾರ

ಈಗ ಪ್ರಶ್ನೆಯ ಎರಡನೇ ಸಾಲಿಗೇ ಥರ ಗೊತ್ತಾಗುತ್ತದೆ. "ತಳಪಾಯ" ಎಂದೆ ಇವತ್ತು, ಅವಳಿಗಿಂತ ಮೊದಲು. "ಸರಿ ಮಾವ, ಏನು ತಳಪಾಯ?" ಎಂದಳು. ಅದು ಹೇಳಲಾಗಲಿಲ್ಲ. ಥರ ಗುರುತಿಸುವುದು ಬೇರೆ, ಬಿಡಿಸುವುದು ಬೇರೆ. ಅವಳು ಪಾತ್ರೆ ತಿಕ್ಕುತ್ತಾ ಬಿಡಿಸಿದಳು.

ಕ್ಷೌರದವನ ಬಳಿ ಜಗಳವಾಯಿತು. ಮತ್ತೆ ಬಡಗಿಯ ಕಥೆ ತೆಗೆದ. ಒಬ್ಬ ಬಡಗಿಯನ್ನು ನೋಡಿ ಎಲ್ಲ ಸೊಸೆಯಂದಿರನ್ನು ಅಳೆಯುತ್ತೀಯಲ್ಲ, ನಿನಗೆ ಗೊತ್ತಿರುವ ವಕೀಲೆ ಸೊಸೆಯಂದಿರು ಎಷ್ಟು ಜನ ಎಂದು ಕೇಳಿದೆ. ಒಬ್ಬಳೇ ಎಂದ. ಹಾಗಾದರೆ ಬಾಯಿ ಮುಚ್ಚು ಎಂದೆ.

"ಏನಯ್ಯಾ ಗೇಟು, ಪರೀಕ್ಷೆಗೆ ನೀನೇ ಕೂತ್ಕೋತೀಯಾ?"

ಅರ್ಧ ಗಡ್ಡದಲ್ಲೇ ಎದ್ದು ಬಂದೆ. ಸೊಸೆ ನೋಡಿ ನಕ್ಕಳು. ಯಾಕೆ ಹಾಗೆ ಎದ್ದು ಬಂದೆ ಎಂದು ನಾನು ಹೇಳಲಿಲ್ಲ.

ಏಪ್ರಿಲ್ 26, ಭಾನುವಾರ

ಪರೀಕ್ಷೆ ಮುಗಿಯಿತು. ಮಗನಿಗೆ ಎಲ್ಲೋ ಲಿಫ್ಟ್ ಕೆಟ್ಟು ಜನ ಸಿಕ್ಕಿಹಾಕಿಕೊಂಡಿದ್ದರು, ಅದಕ್ಕೆ ನಾನೇ ಜೊತೆಗೆ ಹೋದೆ. ಶಾಲೆಯೊಂದರ ಗೇಟು. ತಪಾಸಣೆ ಮಾಡುತ್ತಿದ್ದವನು ಶುದ್ಧ ಸೋಮಾರಿ. ಚೀಲ ತೆರೆಸುತ್ತಾನೆ, ತಳ ನೋಡುವುದಿಲ್ಲ. ಹೇಳೋಣವೆಂದು ಹೋದೆ, ಸೊಸೆ ತೋಳು ಹಿಡಿದಳು. "ಮಾವ, ನಾನು ಒಳಗೆ ಹೋಗೋವರೆಗಾದ್ರೂ ಸುಮ್ನಿರಿ."

ಅವಳ ಕೈ ತಣ್ಣಗಿತ್ತು. ಮೊಬೈಲು ಒಳಗೆ ಬಿಡುವುದಿಲ್ಲವೆಂದು ನನ್ನ ಕೈಗೆ ಕೊಟ್ಟಳು. ಅದಕ್ಕೆ ಬೀಗವೂ ಇಲ್ಲ, ಗುಟ್ಟಿನ ಅಂಕೆಯೂ ಇಲ್ಲ, ಬೆರಳು ತಾಗಿಸಿದರೆ ತೆರೆದುಕೊಳ್ಳುತ್ತದೆ.

ಮರದಡಿ ಕೂತೆ. ಅದು ನನ್ನ ತೊಡೆಯ ಮೇಲೆ ಮತ್ತೆ ಮತ್ತೆ ಗುಂಯ್‌ಗುಟ್ಟಿತು, ಬೆಳಕು ಬಂತು, ಯಾರದೋ ಸಂದೇಶಗಳು. ನೋಡಲಿಲ್ಲ. ಬಿಸಿಲಿಗೆ ಕಾಣುತ್ತಿರಲಿಲ್ಲ ಬಿಡಿ.

ಹೊರಬಂದವಳೇ, "ಮಾವ, ನೀವು ಓದಿದ ಕಾವಲುಗಾರನೇ ಬಂದಿದ್ದ. ಈ ಸಲ ನರ್ಸಿನ ವೇಷದಲ್ಲಿ. ಆಸ್ಪತ್ರೆಗೆ ಹೊಸ ನರ್ಸು ಬಂದಳಂತೆ, ಜ್ವರ ಕಡಿಮೆಯಾಯ್ತಂತೆ" ಎಂದಳು.

"ಹಿಡಿದ್ಯಾ?"

"ಗೇಟಲ್ಲೇ ಹಿಡಿದೆ."

ಮೇ 27, ಬುಧವಾರ

ಪಾಸಾಗಿದ್ದಾಳೆ. ಸೀಟು ಸಿಕ್ಕಿದೆ. ಸಿಕ್ಕಿದ್ದು ಪಕ್ಕದ ಊರಿನ ಕಾಲೇಜಿನಲ್ಲಿ. ಬೆಳಗಿನ ಬಸ್ಸಿಗೆ ಹೊರಟರೆ ಸಂಜೆಗೆ ಮನೆ. ಹನ್ನೆರಡನೇ ತಾರೀಖು ಶುಕ್ರವಾರದೊಳಗೆ ಸೇರುತ್ತೇನೆಂದು ಒಪ್ಪಿಗೆ ಕಳಿಸಬೇಕು, ಇಲ್ಲದಿದ್ದರೆ ಸೀಟು ಇನ್ನೊಬ್ಬರಿಗೆ. ಮಗ ಸಿಹಿ ತಂದ. ಮೂರು ತಿಂದೆ. ನಾಲ್ಕನೆಯದಕ್ಕೆ ಸೊಸೆ ಡಬ್ಬಿ ಮುಚ್ಚಿದಳು.

ಜೂನ್ 3, ಬುಧವಾರ

ಒಪ್ಪಿಗೆ ಕಳಿಸಿಲ್ಲ. ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಈ ವರ್ಷ ಆಗಲ್ಲ ಅನ್ಸುತ್ತೆ. ಮಾವನ ಕೈ ಇನ್ನೂ ಸರಿಹೋಗಿಲ್ಲ, ಒಬ್ಬರನ್ನೇ ಬಿಟ್ಟು ಹೇಗೆ ಹೋಗ್ಲಿ."

ನನ್ನ ಕೈಯಂತೆ. ಅವಳು ಕೆಲಸಕ್ಕೆ ಹೋದಾಗಲೂ ಹಗಲೆಲ್ಲ ನಾನು ಒಬ್ಬನೇ ಇರುತ್ತೇನಲ್ಲ. ನಿನ್ನೆ ಇದೇ ಕೈ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆಯಿತು, ಅವಳ ಎದುರಿಗೇ. ಏನೋ ಮುಚ್ಚಿಡುತ್ತಿದ್ದಾಳೆ. ನನಗೆ ಆ ದನಿ ಗೊತ್ತು.

ಜೂನ್ 6, ಶನಿವಾರ

ಮಗನನ್ನು ಮೂಲೆಗೆ ಒತ್ತಿ ಕೇಳಿದೆ.

"ಹೆದರಿಕೆ ಅಪ್ಪ ಅವಳಿಗೆ. ತರಗತಿಯಲ್ಲಿ ಎಲ್ಲ ಅವಳಿಗಿಂತ ಎಷ್ಟೋ ಚಿಕ್ಕವರು. ನಗ್ತಾರೆ ಅಂತ."

"ಹಾಗಂತ ಅವಳೇ ಹೇಳಿದ್ಲಾ?"

"ಹೇಳ್ಲಿಲ್ಲ. ನನಗನಿಸಿದ್ದು."

"ಅನಿಸಿದ್ದೆಲ್ಲ ಒಳಗೆ ಬಿಡಂಗಿಲ್ಲ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ನಿಜವಾದ ಕಾರಣ ಏನು ಎಂದು ಅವಳೇ ಹೇಳಬೇಕು. ಏನೇ ಇರಲಿ, ನನ್ನ ಕೈಯನ್ನು ಅದರ ಮುಂದೆ ಪರದೆಯ ಹಾಗೆ ಇಳಿಬಿಡಲು ನಾನು ಬಿಡುವುದಿಲ್ಲ.

ಜೂನ್ 8, ಸೋಮವಾರ

ಈ ಹಾಳೆಯನ್ನು ಹರಿದು ಅಡುಗೆಮನೆಯ ಬಾಗಿಲಿಗೆ ಅಂಟಿಸುತ್ತೇನೆ. ಯಾರೂ ಓದುವುದಿಲ್ಲ ಎಂದಿದ್ದಳು. ಇದೊಂದನ್ನು ಓದಲಿ.

ಪ್ರಶ್ನೆ. 'ಖ' ಎಂಬ ಸೊಸೆಗೆ ಲಾ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಮಾವ 'ಕ'ನ ಕೈ ಸರಿಯಿಲ್ಲ, ಆದ್ದರಿಂದ ಹೋಗಲಾಗದು ಎನ್ನುತ್ತಾಳೆ. ಈ ವಾದದ ಮೊಳೆ ಕೀಳುವ ಉತ್ತರ ಯಾವುದು?

ಅ) 'ಕ' ಎಂದಿಗೂ ಯಾರ ಸಹಾಯವನ್ನೂ ಕೇಳಿದವನಲ್ಲ.

ಆ) 'ಕ'ನಿಗೆ ಹಗಲು ಹೊತ್ತು ಮನೆಯಲ್ಲಿ ಒಬ್ಬನೇ ಇರುವುದೆಂದರೆ ಬಲು ಇಷ್ಟ.

ಇ) ಈ ಪ್ರಶ್ನೆಯನ್ನು 'ಕ' ತನ್ನ ಬಲಗೈಯಿಂದಲೇ ಬರೆದಿದ್ದಾನೆ.

ಈ) ಸಂಜೆ ಬಂದ ಮೇಲೆ ಓದಿ ಹೇಳಲು ಬಾಗಿಲ ಬಳಿ ಕುರ್ಚಿ ಇದ್ದೇ ಇರುತ್ತದೆ.

ಅ-ದಲ್ಲಿ 'ಎಂದಿಗೂ' ಇದೆ, ನೋಡಿಕೊ. ಆ-ದಲ್ಲಿ ಇರುವುದು ಸುಳ್ಳು. ಉಳಿದವುಗಳಲ್ಲಿ ಯಾವುದೆಂದು ನೀನೇ ಆರಿಸು. ಹೊರಗಿನ ಸಾಮಾನು ತರಬೇಡ. ಹೆದರಿಕೆ ಇದ್ದರೆ ಹೆದರಿಕೆ ಎಂದು ಬರೆ, ನನ್ನ ಕೈ ಎಂದು ಬರೆಯಬೇಡ.

ಗುರುವಾರ, ಹನ್ನೊಂದನೇ ತಾರೀಖು, ನೀನು ಕೆಲಸಕ್ಕೆ ಹೊರಡುವುದರೊಳಗೆ ಇದೇ ಹಾಳೆಯ ಮೇಲೆ ನನಗೆ ಉತ್ತರ ಬೇಕು.